ಅಡಿವೆಪ್ಪನ ಗಡಿಗೆ

ಬೆಳೆಯಬಾರದ ತಟ್ಟೆಯಲ್ಲಿ ಬೆಳೆದಿತ್ತು.

ಒಂದೆರಡಲ್ಲ, ಬ್ಯಾಕ್ಟೀರಿಯಾದ ಮೂವತ್ತೊಂದು ಚುಕ್ಕೆ. ಗಸಗಸೆ ಕಾಳಿನಷ್ಟು ಸಣ್ಣವು, ಬಿಳಿಯವು. ತಟ್ಟೆ ಅದಲುಬದಲಾಗಿರಬೇಕು ಎಂದುಕೊಂಡೆ. ಇಪ್ಪತ್ತೆರಡು ವರ್ಷ ಪ್ರಯೋಗಾಲಯದಲ್ಲಿ ಕೈ ಸವೆಸಿದವರಿಗೆ ಮೊದಲು ಹೊಳೆಯುವುದು ಇದೇ: ತಪ್ಪು ನನ್ನದಲ್ಲ, ತಟ್ಟೆಯದು. ತಿರುಗಿಸಿ ನೋಡಿದೆ. ಅಡಿಯಲ್ಲಿ ನನ್ನದೇ ಅಕ್ಷರದಲ್ಲಿ ‘ಮನೆ ನಾಲ್ಕು, ಪುಡಿ ಇಲ್ಲ’ ಎಂದು ಬರೆದಿತ್ತು. ನಾಲ್ಕನೇ ಮನೆ ಎಂದರೆ ಹೊಸಯಲ್ಲಾಪುರದ ಬಸ್ ಕಂಡಕ್ಟರ್ ಅಡಿವೆಪ್ಪನ ಮನೆ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಲೇಬೇಕು. ಹೆದರಬೇಡಿ, ಹಾಲು ಮೊಸರಾಗುವುದಕ್ಕಿಂತ ಕಷ್ಟದ್ದೇನಲ್ಲ. ಒಂದು ಬ್ಯಾಕ್ಟೀರಿಯಾ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಯ ನಕಲು ತೆಗೆಯಬೇಕು. ಡಿಎನ್‌ಎ ಎನ್ನುವುದು ನಾಲ್ಕೇ ಅಕ್ಷರಗಳ ಬರಹ. ಅದರಲ್ಲಿ ‘ಟಿ’ ಎಂಬ ಅಕ್ಷರವನ್ನು ತಯಾರಿಸುವ ಕೆಲಸ ಒಂದು ಕಿಣ್ವದ್ದು. ಹೆಸರು ಥೈಮಿಡಿಲೇಟ್ ಸಿಂಥೇಸ್. ಹೆಸರು ಮಾರುದ್ದ ಇದ್ದರೂ ಅದು ಮಾಡುವುದು ಇಷ್ಟೇ: ಇನ್ನೊಂದು ಅಕ್ಷರಕ್ಕೆ ಒಂದು ಸಣ್ಣ ಕೊಂಡಿ ಸೇರಿಸಿ ಅದನ್ನು ಟಿ ಮಾಡುತ್ತದೆ. ಈ ಕಿಣ್ವವನ್ನು ಕಿತ್ತುಹಾಕಿದ ಬ್ಯಾಕ್ಟೀರಿಯಾ ಹಸಿವಿನಿಂದ ಸಾಯುವುದಿಲ್ಲ. ತಿನ್ನುತ್ತದೆ, ಮೈ ಬೆಳೆಸುತ್ತದೆ, ನಕಲು ತೆಗೆಯಲು ಕೂರುತ್ತದೆ, ಅಕ್ಷರ ಸಾಲದೆ ಅರ್ಧಕ್ಕೇ ಹರಿದು ಸಾಯುತ್ತದೆ. ಬದುಕಬೇಕಾದರೆ ಯಾರಾದರೂ ಹೊರಗಿನಿಂದ ಟಿಯನ್ನು ಉಣಿಸಬೇಕು.

ನಮ್ಮ ಸಂಸ್ಥೆಯಲ್ಲಿ ನಾವು ಮಾಡಿದ್ದು ಅದನ್ನೇ. ಮೊಸರಿನ ಬ್ಯಾಕ್ಟೀರಿಯಾ ಒಂದರಲ್ಲಿ ಆ ಕಿಣ್ವದ ಜೀನನ್ನು ತೆಗೆದೆವು. ಖಾಲಿಯಾದ ಜಾಗದಲ್ಲೇ ಕರುಳಿನ ಉರಿಯೂತವನ್ನು ತಣಿಸುವ ಒಂದು ಪ್ರೋಟೀನಿನ ಜೀನನ್ನು ಕೂರಿಸಿದೆವು. ಆ ಮೊಸರನ್ನು ಉಂಡರೆ ಬ್ಯಾಕ್ಟೀರಿಯಾ ಕರುಳಿಗೆ ಹೋಗಿ ಅಲ್ಲೇ ಔಷಧ ತಯಾರಿಸುತ್ತದೆ, ಒಂದು ದಿನ ಕೆಲಸ ಮಾಡಿ ಸಾಯುತ್ತದೆ. ಮೈಯಿಂದ ಹೊರಬಿದ್ದು ಚರಂಡಿಗೋ ಹೊಲಕ್ಕೋ ಸೇರಿದರೂ ಅಲ್ಲಿ ಅದಕ್ಕೆ ಟಿ ಕೊಡುವವರಿಲ್ಲ. ಇದೇ ನಮ್ಮ ಬೀಗ. ಬೀಗದ ಕೈ ಎಂದರೆ ಆ ಟಿ ಇರುವ ಒಂದು ಚಿಟಿಕೆ ಬಿಳಿ ಪುಡಿ. ದಿನಕ್ಕೊಂದು ಪೊಟ್ಟಣ ಹಾಲಿಗೆ ಬೆರೆಸಿ, ನಿನ್ನೆಯ ಮೊಸರು ಒಂದು ಚಮಚ ಹೆಪ್ಪು ಹಾಕಿದರೆ ನಾಳೆಗೆ ಔಷಧ ತಯಾರು.

ಗುಳಿಗೆ ಮಾಡಿದ್ದರೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಊರೂರಿಗೆ ಹೊರಬೇಕಿತ್ತು. ಮೊಸರು ಮಾಡುವುದು ಎಲ್ಲರ ಮನೆಯಲ್ಲೂ ಗೊತ್ತಿರುವ ವಿದ್ಯೆ, ಅದನ್ನು ಕಲಿಸಬೇಕಾಗಿಲ್ಲ ಎಂದು ಸಭೆಯಲ್ಲಿ ಜೋರಾಗಿ ವಾದಿಸಿದವಳು ನಾನೇ. ಹತ್ತು ಮನೆಗಳಿಗೆ ಹತ್ತು ಗಡಿಗೆ ಕೊಟ್ಟೆವು. ಹದಿನೈದು ದಿನಕ್ಕೊಮ್ಮೆ ಪ್ರತಿ ಗಡಿಗೆಯಿಂದ ಒಂದು ಚಮಚ ಮೊಸರು ತಂದು, ಪುಡಿ ಇರುವ ತಟ್ಟೆಯಲ್ಲಿ ಒಂದಿಷ್ಟು, ಪುಡಿ ಇಲ್ಲದ ತಟ್ಟೆಯಲ್ಲಿ ಒಂದಿಷ್ಟು ಹಚ್ಚುತ್ತಿದ್ದೆ. ಹದಿನಾಲ್ಕು ತಿಂಗಳು ಎರಡನೇ ತಟ್ಟೆ ಬೋಳಾಗಿಯೇ ಇತ್ತು.

ನಮ್ಮ ಮುಖ್ಯಸ್ಥ ಡಾಕ್ಟರ್ ಇನಾಮದಾರ್ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಸುಮಿತ್ರಾಬಾಯಿ, ಇದು ಎಲ್ಲಿಂದ ಬಂತು?”

“ನಾಲ್ಕನೇ ಮನಿದ್ರಿ ಸರ್. ಮತ್ತೊಮ್ಮೆ ಹಚ್ಚತೀನಿ. ನನ್ನ ಕೈಯಾಗ ಏನರ ಹೆಚ್ಚುಕಮ್ಮಿ ಆಗಿರಬೇಕು.”

“ಹಚ್ಚರಿ. ಆದ್ರ ಸುರಕ್ಷತಾ ಸಮಿತಿಯವರಿಗೆ ಇವತ್ತ ತಿಳಸಬೇಕಾಗ್ತದ. ನಿಯಮ ನಿಮಗ ಗೊತ್ತದಲ್ಲ?”

ಗೊತ್ತಿತ್ತು. ಬೀಗ ಒಡೆದದ್ದು ಮನೆಯವರ ತಪ್ಪಿನಿಂದಾದರೆ ಆ ಮನೆ ಪಟ್ಟಿಯಿಂದ ಹೊರಗೆ. ಗಡಿಗೆ ವಾಪಸ್ಸು, ಪುಡಿ ಬಂದ್. ನಾಲ್ಕನೇ ಮನೆಯವರಿಗೆ ಅದರ ಅರ್ಥ ಏನು ಎನ್ನುವುದು ಸಮಿತಿಯವರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ಅಡಿವೆಪ್ಪ ಮೊದಲ ಸಲ ನಮ್ಮಲ್ಲಿಗೆ ಬಂದಾಗ ನಲವತ್ತೊಂದು ವರ್ಷದ ಗಂಡಸು, ನಲವತ್ತಾರು ಕಿಲೋ ತೂಕ. ಧಾರವಾಡ-ಸವದತ್ತಿ ಬಸ್ಸಿನ ಕಂಡಕ್ಟರ್. ಬಸ್ಸುಗಳೆಲ್ಲ ಕರೆಂಟಿನವಾಗಿ ಡೀಸೆಲ್ ವಾಸನೆ ಮರೆತುಹೋಗಿದ್ದ ಕಾಲ ಅದು. ಆದರೂ ಕಂಡಕ್ಟರ್ ಇಲ್ಲದೆ ಬಸ್ಸು ಓಡಿಸುವ ಉಪಾಯವನ್ನು ನಮ್ಮ ಕಡೆ ಯಾರೂ ಕಂಡುಹಿಡಿದಿರಲಿಲ್ಲ. ದಿನಕ್ಕೆ ಹದಿನೈದು ಸಲ ಹೊಟ್ಟೆ ಹಿಂಡಿ ರಕ್ತ ಹೋಗುತ್ತಿತ್ತು. ಏನೇನು ತೊಂದರೆ ಎಂದು ಕೇಳಿ ಬರೆದುಕೊಳ್ಳಲು ನಾನು ಕೂತರೆ, ಅವನು ರೋಗದ ಬದಲು ದಾರಿ ಹೇಳತೊಡಗಿದ.

“ಅಮ್ಮಿನಭಾವ್ಯಾಗ ಪಂಚಾಯ್ತಿ ಹಿಂದ ಎರಡ ಅದಾವ್ರಿ, ಎಡಗಡೀದಕ್ಕ ಚಿಲಕ ಇಲ್ಲ. ಹಾರೋಬೆಳವಡ್ಯಾಗ ಸಾಲಿ ಬಾಜೂಕ ಒಂದ ಐತಿ, ರವಿವಾರ ಕೀಲಿ ಹಾಕಿರ್ತಾರ. ಅದರ ಮುಂದ ನಾಕ ಸ್ಟಾಪ್ ಏನೂ ಇಲ್ರಿ. ಅಲ್ಲೇ ನನ್ನ ಜೀವಾ ಹೋಗೂದು.”

ಹನ್ನೊಂದು ಸ್ಟಾಪಿನ ಶೌಚಾಲಯಗಳೂ ಅವನ ಬಾಯಲ್ಲಿದ್ದವು. ಬಸ್ಸು ನಿಲ್ಲಿಸಿ ಓಡುವ ಕಂಡಕ್ಟರನನ್ನು ಜನ ನೋಡಿ ನಕ್ಕು, ಬೈದು, ಕೊನೆಗೆ ದೂರು ಕೊಟ್ಟಿದ್ದರು. ಡಿಪೋದಲ್ಲಿ ಕೂರಿಸಿ ಟೈರು ಎಣಿಸುವ ಕೆಲಸ ಕೊಟ್ಟರಂತೆ. ಅದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ‘ರೈಟ್’ ಅನ್ನುವುದೇ ಅವನಿಗೆ ಬದುಕಾಗಿತ್ತು.

ಮೊಸರು ಶುರುವಾಗಿ ಮೂರು ತಿಂಗಳಿಗೆ ರಕ್ತ ನಿಂತಿತು. ಆರು ತಿಂಗಳಿಗೆ ಮತ್ತೆ ಬಸ್ಸು ಹತ್ತಿದ. ಈ ಹದಿನಾಲ್ಕು ತಿಂಗಳಲ್ಲಿ ಮೈಗೆ ಹನ್ನೆರಡು ಕಿಲೋ ಸೇರಿತ್ತು.

ಮರುದಿನ ಬೆಳಿಗ್ಗೆ ನಾನು ಹೊಸಯಲ್ಲಾಪುರಕ್ಕೆ ಹೋದಾಗ ಅವನು ಮನೆಯಲ್ಲೇ ಇದ್ದ. ಡ್ಯೂಟಿಯ ಹೊತ್ತಿನಲ್ಲಿ ಮನೆಯಲ್ಲಿದ್ದ. ಪಡಸಾಲೆಯ ಮೂಲೆಯಲ್ಲಿ ಹೊದ್ದು ಮಲಗಿದ್ದವನು ನನ್ನನ್ನು ಕಂಡು ಗಡಬಡಿಸಿ ಎದ್ದ.

“ಏನಿಲ್ರಿ ಬಾಯಾರ, ಸ್ವಲ್ಪ ನೆಗಡಿ.”

“ನೆಗಡಿಗೆ ಹೊಟ್ಟಿ ಹಿಡ್ಕೊಂಡ ಮಲಗತಾರೇನಪಾ?”

ಅವನ ಹೆಂಡತಿ ಕಸ್ತೂರಿ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಎಂದೂ ನಾನು ಕೂರುವ ಮೊದಲೇ ಚಹಾದ ನೀರಿಡುತ್ತಿದ್ದ ಹೆಂಗಸು ಅಂದು ಬಾಯಿಮಾತಿಗೂ ಚಹಾ ಕೇಳಲಿಲ್ಲ. ಮುಚ್ಚಿಡುವುದೇನೋ ಇದೆ ಎಂದು ಅಷ್ಟರಲ್ಲೇ ನನಗೆ ಅರ್ಥವಾಯಿತು.

“ಮತ್ತ ಶುರುವಾಗಿ ಎಷ್ಟ ದಿನ ಆತು?”

“ಐದ ದಿನಾತ್ರಿ,” ಅಂದ ಅಡಿವೆಪ್ಪ. “ಮೊನ್ನೆ ಅಮ್ಮಿನಭಾವ್ಯಾಗ ಎರಡ ಸಲ ಬಸ್ ನಿಲ್ಲಿಸಿದ್ನಿ. ಯಾವ ಸ್ಟಾಪಿನ್ಯಾಗ ಏನೈತಿ ಅನ್ನೂದು ಮರ್ತಬಿಟ್ಟಿದ್ನಿರಿ ಬಾಯಾರ. ಮತ್ತ ನೆನಪ ಮಾಡ್ಕೊಳ್ಳಾಕ ಹತ್ತೀನಿ.”

ಗಡಿಗೆ ತರಿಸಿ ನೋಡಿದೆ. ಮೊಸರು ಗಟ್ಟಿಯಾಗಿತ್ತು, ಚಮಚ ನೆಟ್ಟರೆ ನಿಲ್ಲುವಂತಿತ್ತು. ನಮ್ಮ ಬ್ಯಾಕ್ಟೀರಿಯಾ ಬಡಪಾಯಿ; ಅದರ ಮೊಸರು ಯಾವತ್ತೂ ಇಷ್ಟು ಗಟ್ಟಿ ಬಂದದ್ದಿಲ್ಲ. ನಾನು ತಂದ ಶೀಶೆ ಸಾಲದೆಂದು ಕಸ್ತೂರಿಯ ಒಂದು ಸ್ಟೀಲ್ ಬಟ್ಟಲಲ್ಲೇ ತುಂಬ ಮೊಸರು ಹಾಕಿಸಿಕೊಂಡೆ. ಏನೂ ಕೇಳದೆ ಬಂದೆ. ಮೊದಲು ಬ್ಯಾಕ್ಟೀರಿಯಾ ಏನು ಹೇಳುತ್ತದೋ ಕೇಳೋಣ ಅನಿಸಿತು.

ಅದು ಮೂರು ದಿನದಲ್ಲಿ ಹೇಳಿತು. ಗಡಿಗೆಯಲ್ಲಿ ಎರಡು ಬಗೆಯವು ಇದ್ದವು. ಒಂದು ಯಾರದೋ ಮನೆಯ ಸಾದಾ ಮೊಸರಿನದು. ಇನ್ನೊಂದು ನಮ್ಮದೇ. ನಮ್ಮದರ ಡಿಎನ್‌ಎಯಲ್ಲಿ ಬೇರೊಂದು ಕಡೆ ನಾನೇ ಬರೆದಿಟ್ಟ ಒಂದು ಗುರುತಿದೆ, ಅದು ಹಾಗೇ ಇತ್ತು. ಆದರೆ ಕಿಣ್ವದ ಜೀನು ಮರಳಿ ಬಂದು ತನ್ನ ಹಳೆಯ ಜಾಗದಲ್ಲಿ ಕೂತಿತ್ತು.

ಇದು ಸಾಧ್ಯ ಎಂದು ನಮಗೆ ಕಾಗದದ ಮೇಲೆ ಗೊತ್ತಿತ್ತು. ಮೊಸರಿನ ಬ್ಯಾಕ್ಟೀರಿಯಾಗಳಿಗೂ ವೈರಸ್ ತಗಲುತ್ತದೆ. ಅದು ಒಂದರ ಡಿಎನ್‌ಎ ತುಣುಕನ್ನು ಇನ್ನೊಂದಕ್ಕೆ ಹೊತ್ತೊಯ್ಯುವುದುಂಟು. ಕೋಟಿಗೊಮ್ಮೆ ಆಗುವ ಸಂಗತಿ. ಆದರೆ ಒಂದು ಚಮಚ ಮೊಸರಿನಲ್ಲಿ ಕೋಟಿಗಟ್ಟಲೆ ಇರುತ್ತವೆ, ಪುಡಿ ಸಿಗದಿದ್ದರೆ ಉಳಿದವೆಲ್ಲ ಸತ್ತು ಕಿಣ್ವ ಸಿಕ್ಕಿದ್ದು ಮಾತ್ರ ಉಳಿಯುತ್ತದೆ.

ಅದಕ್ಕೆಂದೇ, ಎರಡನೇ ಕಾವಲಾಗಿ, ನಾವು ಔಷಧದ ಜೀನನ್ನು ಬೇರೆಲ್ಲೂ ಇಡದೆ ಕಿಣ್ವದ ಜಾಗದಲ್ಲೇ ಇಟ್ಟಿದ್ದೆವು. ಬಸ್ಸಿನ ಒಂದೇ ಸೀಟು ಅಂದುಕೊಳ್ಳಿ. ಕಿಣ್ವ ಬಂದು ಕೂರಬೇಕಾದರೆ ಔಷಧ ಎದ್ದು ಇಳಿಯಲೇಬೇಕು. ಬೀಗ ಒಡೆದು ಓಡಿಹೋದ ಬ್ಯಾಕ್ಟೀರಿಯಾ ಊರಿಗೆ ಏನೂ ಮಾಡುವುದಿಲ್ಲ, ಅದು ಬರೀ ಮೊಸರು. ಊರು ಕ್ಷೇಮ. ಹನ್ನೆರಡು ದಿನದಿಂದ ಬರೀ ಮೊಸರು ಉಣ್ಣುತ್ತಿದ್ದ ಅಡಿವೆಪ್ಪ ಮಾತ್ರ ಮತ್ತೆ ಶೌಚಾಲಯ ಹುಡುಕುತ್ತಿದ್ದ.

ಡಾಕ್ಟರ್ ಇನಾಮದಾರ್ ಖುಷಿಯಾಗಿದ್ದರು. ಅವರನ್ನು ನಾನು ದೂರುವುದಿಲ್ಲ. ಹದಿನೈದು ವರ್ಷ ತಲೆಯಲ್ಲಿ ಹೊತ್ತು ತಿರುಗಿದ ವಿಚಾರ ಕಣ್ಣೆದುರು ಸರಿಯಾದರೆ ಯಾರಿಗೂ ಖುಷಿಯಾಗುತ್ತದೆ.

“ನೋಡ್ರಿ, ಎರಡನೇ ಕಾವಲು ಕೆಲಸ ಮಾಡೇದ! ಸಮಿತಿಯವರು ಯೋಜನಾ ನಿಲ್ಲಸೂದಿಲ್ಲ. ಆ ಮನಿ ಒಂದನ್ನ ಪಟ್ಟಿಯಿಂದ ತಗದ್ರ ಮುಗೀತು.”

“ಕಾರಣ ಏನಂತ ಬರೀತೀರಿ ಸರ್?”

“ಹೊರಗಿನ ಹೆಪ್ಪು ಹಾಕ್ಯಾರ. ಮತ್ತೇನು?”

ಆ ದಿನ ಮಧ್ಯಾಹ್ನವೇ ಮತ್ತೆ ಹೊಸಯಲ್ಲಾಪುರಕ್ಕೆ ಹೋದೆ. ಅಡಿವೆಪ್ಪ ಆಸ್ಪತ್ರೆಗೆ ಹೋಗಿದ್ದ. ಕಸ್ತೂರಿ ಒಬ್ಬಳೇ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನೂ ಮೊರದ ಎದುರು ಕೂತೆ.

“ಕಸ್ತೂರಿ, ಖರೇ ಹೇಳವಾ. ಯಾರ ಮನಿ ಹೆಪ್ಪು?”

ಅವಳು ಮೊರ ಕೆಳಗಿಟ್ಟಳು. “ಹೇಳಿದ್ರ ಗಡಗಿ ಒಯ್ತೀರಲ್ರಿ?”

“ಹೇಳಲಿಲ್ಲಂದ್ರೂ ಒಯ್ತಾರ.”

ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಹೇಳಿದಳು.

ಅವರ ಮನೆಯಲ್ಲಿ ಎರಡು ಗಡಿಗೆ. ಒಂದು ಮನೆಯದು, ಒಂದು ಅಡಿವೆಪ್ಪನದು. ಅವನದರ ಚಮಚವೇ ಬೇರೆ, ಅರಿವೆಯೇ ಬೇರೆ. ದೀಪಾವಳಿಯ ಹಿಂದಿನ ದಿನ ಪಕ್ಕದ ಮನೆಯ ಮೆಹಬೂಬಿ ಹೆಪ್ಪು ಕೇಳಲು ಬಂದರು. ಕಸ್ತೂರಿ ಮನೆಯ ಗಡಿಗೆಯಿಂದಲೇ ಕೊಟ್ಟಳು, ನಿಯಮ ತಪ್ಪಲಿಲ್ಲ. ಮೂರನೇ ದಿನ ಮೆಹಬೂಬಿ ಬಟ್ಟಲು ಮರಳಿಸಿದರು. ಖಾಲಿ ಬಟ್ಟಲು ಮರಳಿಸುವ ರೂಢಿ ಆ ಓಣಿಯಲ್ಲಿ ಯಾರಿಗೂ ಇಲ್ಲ. ತಮ್ಮ ಮನೆಯ ಎಮ್ಮೆಹಾಲಿನ ಮೊಸರು ತುಂಬಿ ಕೊಟ್ಟರು.

“ಅದನ್ಯಾಕ ಅಡಿವೆಪ್ಪನ ಗಡಗ್ಯಾಗ ಹಾಕಿದಿ?”

“ಪುಡಿ ತೀರಿತ್ರಿ ಬಾಯಾರ.”

“ಹೆಂಗ ತೀರ್ತೈತಿ? ಹಬ್ಬಕ್ಕ ಸೂಟಿ ಅಂತ ಹದಿನಾಲ್ಕ ಪೊಟ್ಟಣ ಕೊಟ್ಟಿದ್ನಲ್ಲ, ಎರಡ ವಾರದ್ದು?”

“ಇಲ್ರಿ. ಏಳ ಇದ್ದುವು.” ಅವಳು ನನ್ನ ಮುಖ ನೋಡದೆ ಹೇಳಿದಳು. “ಮೊದಲನೇ ದಿನ ಪುಡಿ ಇಲ್ದ ಹಾಕಿದ್ನಿ, ನೀರ ನೀರ ಆತು. ಎರಡನೇ ದಿನ ಹಾಲ ಹಾಲಾಗೇ ಉಳೀತ್ರಿ. ನಿಮಗ ಫೋನ್ ಹಚ್ಚಿದ್ನಿ, ಹತ್ತಲಿಲ್ಲ. ಆಫೀಸಿಗೆ ಹೋದ್ನಿ, ಕೀಲಿ ಇತ್ತು. ಹಬ್ಬದಾಗ ಬಂದವರಿಗೆ ಬಡಿಸಿ ಮನಿ ಗಡಗೀನೂ ಖಾಲಿ ಆಗಿತ್ರಿ. ಇದ್ದದ್ದು ಮೆಹಬೂಬಿ ಕೊಟ್ಟ ಬಟ್ಟಲಾ ಒಂದ. ಹೆಪ್ಪು ಸಾಯಾಕ ಹತ್ತಿದ್ರ ಯಾರರ ಸುಮ್ಮ ಕೂಡತಾರೇನ್ರಿ? ತಳದಾಗ ಉಳದಿದ್ದ ನಮ್ಮ ಮನಿಯವರ ಮಸರಿಗೆ ಒಂದ ಚಮಚ ಇದನ್ನ ಕೂಡಿಸಿದ್ನಿ. ಬದುಕ್ತು. ದೇವರಿಗೆ ಕೈ ಮುಗದ್ನಿ.”

ಬದುಕಿತ್ತು, ನಿಜ. ಸಾಯಬೇಕಾದ ಹೆಪ್ಪನ್ನು ಬದುಕಿಸುವುದು ಅವಳ ತಾಯಿ ಕಲಿಸಿದ ವಿದ್ಯೆ, ನನ್ನ ತಾಯಿಯೂ ಕಲಿಸಿದ್ದು. ಸಾಯುವುದೇ ಇದರ ಗುಣ, ಸಾಯಲು ಬಿಡು ಎಂದು ನಾವು ಹತ್ತು ಸಲ ಹೇಳಿದ್ದರೂ ಆ ಹೊತ್ತಿಗೆ ಅವಳ ಕೈ ತಾನಾಗಿ ಬಟ್ಟಲಿನ ಕಡೆ ಹೋಗಿತ್ತು. ಮೊಸರನ್ನು ಯಾರಿಗೂ ಕಲಿಸಬೇಕಾಗಿಲ್ಲ ಎಂದು ಸಭೆಯಲ್ಲಿ ಹೇಳಿದವಳು ಅಲ್ಲಿ ಮೊರದ ಮುಂದೆ ಕೂತು ಕೇಳುತ್ತಿದ್ದೆ.

“ಏಳ ಇದ್ದುವು ಅಂತ ಆಗಽ ಯಾಕ ಹೇಳಲಿಲ್ಲ?”

“ನೀವು ಹದಿನಾಲ್ಕ ಅಂತ ಬರಕೊಂಡಿದ್ರಿ. ನೀವು ಬರಕೊಂಡದ್ದ ಸುಳ್ಳು ಅಂತ ನಾ ಹೆಂಗ ಹೇಳ್ಲಿ?”

ಸಂಸ್ಥೆಗೆ ಬಂದು ರಿಜಿಸ್ಟರ್ ತೆಗೆದೆ. ಮನೆ ನಾಲ್ಕು, ಹದಿನಾಲ್ಕು ಪೊಟ್ಟಣ, ಎದುರಿಗೆ ನನ್ನ ಗುರುತು, ಸಹಿ. ಹತ್ತೂ ಮನೆಗೆ ಒಂದೇ ಶಾಯಿ, ಒಂದೇ ವೇಗ. ನನಗೆ ನೆನಪಾಯಿತು. ಹಬ್ಬಕ್ಕೆ ಗದಗಿಗೆ ತಂಗಿಯ ಮನೆಗೆ ಹೋಗುವ ಗಡಿಬಿಡಿ. ಬೆಳಿಗ್ಗೆ ಮೇಜಿನ ಮುಂದೆ ಕೂತು, ಇನ್ನೂ ಹಂಚದ ಪೊಟ್ಟಣಗಳಿಗೆ ಮೊದಲೇ ಗುರುತು ಹಾಕಿ ಮುಗಿಸಿದ್ದೆ. ಹಾಗೆ ಮಾಡುವುದು ನನ್ನ ಹಳೆಯ ಚಾಳಿ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕೈ ಕೊಟ್ಟಿರಲಿಲ್ಲ. ಪುಡಿ ಇಡುವ ಕಪಾಟು ತೆರೆದೆ. ಕೆಳಗಿನ ಹಲಗೆಯಲ್ಲಿ, ಹಿಂದುಗಡೆ, ರಬ್ಬರ್ ಹಾಕಿದ ಒಂದು ಕಟ್ಟು ಇತ್ತು. ಮೇಲೆ ‘ಮನೆ ನಾಲ್ಕು’ ಎಂಬ ಚೀಟಿ. ಬಿಚ್ಚಿ ಎಣಿಸಿದೆ. ಏಳು.

ನನಗೆ ಹೆದರಿಕೆಯಾಯಿತು. ಹೆದರಿದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಬ್ಯಾಕ್ಟೀರಿಯಾದ ಒಡಲಿನಿಂದ ಕಿಣ್ವ ಕಿತ್ತದ್ದು ಈ ಕೈ. ಮುನ್ನೂರು ಸಲ ಸೋತು ಮುನ್ನೂರ ಒಂದನೆಯದಕ್ಕೆ ಗೆದ್ದದ್ದು ಈ ಕೈ. ತಪ್ಪು ಸಂಸ್ಥೆಯದು ಎಂದಾದರೆ ಮನೆ ಪಟ್ಟಿಯಲ್ಲಿ ಉಳಿಯುತ್ತದೆ, ಹೊಸ ಗಡಿಗೆ ಸಿಗುತ್ತದೆ. ತಪ್ಪು ಮಾಡಿದವರು ಯೋಜನೆಯಿಂದ ಹೊರಗೆ. ಇದೂ ಅದೇ ನಿಯಮದ ಮುಂದಿನ ಸಾಲು. ಆ ಏಳು ಪೊಟ್ಟಣವನ್ನು ನೀರಿಗೆ ಸುರಿದರೆ ಕೇಳುವವರಿರಲಿಲ್ಲ. ರಿಜಿಸ್ಟರಿನ ಎದುರು ಕಂಡಕ್ಟರನ ಹೆಂಡತಿಯ ಮಾತನ್ನು ಯಾರು ನಂಬುತ್ತಾರೆ? ಅವಳೇ ನಂಬಿರಲಿಲ್ಲ.

ಕಟ್ಟನ್ನು ಕೈಯಲ್ಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ನಾಲ್ಕು ಸ್ಟಾಪ್ ಏನೂ ಇಲ್ಲ, ಅಲ್ಲೇ ಜೀವ ಹೋಗುವುದು ಅಂದಿದ್ದನಲ್ಲ ಅವನು, ಅದೇ ಕಿವಿಯಲ್ಲಿತ್ತು.

ಡಾಕ್ಟರ್ ಇನಾಮದಾರರ ಮೇಜಿನ ಮೇಲೆ ರಿಜಿಸ್ಟರ್ ಇಟ್ಟೆ, ಅದರ ಮೇಲೆ ಕಟ್ಟು ಇಟ್ಟೆ.

ಅವರು ಎರಡನ್ನೂ ನೋಡಿದರು. “ಇದನ್ನ ಯಾಕ ತೋರಸಾಕ ಹತ್ತೀರಿ? ನೀವು ಹ್ವಾದ್ರ ಉಳದ ಒಂಬತ್ತ ಗಡಗಿ ಯಾರ ನೋಡ್ತಾರ?”

“ಯಾರಿಗರ ಕಲಿಸಿ ಹೋಗ್ತೀನ್ರಿ ಸರ್. ಒಂದ ತಿಂಗಳ ಕೊಡ್ರಿ.”

“ಸುಮಿತ್ರಾಬಾಯಿ, ಮತ್ತ ನಿಮ್ಮನ್ನ ವಾಪಸ್ ತಗೊಳ್ಳಾಕ ಬರೂದಿಲ್ಲ. ಸಮಿತಿಯವರು ಅಂಥಾವರು.”

“ಗೊತ್ತೈತ್ರಿ. ಕಾರಣದಾಗ ನನ್ನ ಹೆಸರ ಬರೀರಿ.”

ಅವರು ಬರೆಯಲಿಲ್ಲ. ಪೆನ್ನನ್ನು ನನ್ನ ಕಡೆ ತಳ್ಳಿದರು. ನಾನೇ ಬರೆದೆ.

ಸಮಿತಿ ಎರಡು ವಾರ ತೆಗೆದುಕೊಂಡಿತು. ಮೆಹಬೂಬಿಯವರ ಮನೆಯ ಮೊಸರನ್ನೂ ತರಿಸಿ ನೋಡಿದರು, ನಮ್ಮ ಗುರುತಿನದು ಒಂದೂ ಸಿಗಲಿಲ್ಲ. ನಾಲ್ಕನೇ ಮನೆಗೆ ಹೊಸ ಗಡಿಗೆ ಹೋಯಿತು. ಜೊತೆಗೆ ಹತ್ತೂ ಮನೆಗೆ ಒಂದು ಹೊಸ ಸೂಚನೆ ಹೋಯಿತು: ಹೆಪ್ಪು ಸತ್ತರೆ ಬದುಕಿಸಬೇಡಿ, ನಮ್ಮನ್ನು ಕರೆಯಿರಿ, ಹಬ್ಬದ ದಿನವೂ ಒಬ್ಬರು ಇರುತ್ತಾರೆ. ಕೊನೆಯ ಸಾಲು ನಾನು ಸೇರಿಸಿದ್ದು. ತಿಂಗಳು ತುಂಬಿದ ದಿನ ಕಪಾಟಿನ ಕೀಲಿ ಕೊಟ್ಟು, ಕೆಳಗಿನ ಮಹಡಿಯಲ್ಲಿ ಕಾಲೇಜು ಮಕ್ಕಳಿಗೆ ಪ್ರಾಕ್ಟಿಕಲ್ ಹೇಳಿಕೊಡುವ ವಿಭಾಗಕ್ಕೆ ಇಳಿದೆ. ಮನೆಗಳ ಫಲಿತಾಂಶ ನೋಡುವ ಹಕ್ಕು ನನಗಿರಲಿಲ್ಲ, ರೋಗಿಗಳ ಮನೆಗೆ ಹೋಗುವಂತೆಯೂ ಇರಲಿಲ್ಲ. ಮೇಲಿನ ಮಹಡಿಯವರು ಮೆಟ್ಟಿಲಲ್ಲಿ ಸಿಕ್ಕರೆ ಹವಾಮಾನ ಮಾತಾಡುತ್ತಿದ್ದರು. ಬೇಸರ ಆಗುತ್ತಿತ್ತು, ಬಹಳ ಆಗುತ್ತಿತ್ತು.

ಒಂದು ವರ್ಷವಾದ ಮೇಲೆ ನನ್ನ ಮನೆಯ ಪಾತ್ರೆಗಳ ನಡುವೆ ಕಸ್ತೂರಿಯ ಸ್ಟೀಲ್ ಬಟ್ಟಲು ಕಣ್ಣಿಗೆ ಬಿತ್ತು. ಅಂದು ಮೊಸರು ತಂದದ್ದನ್ನು ಕುದಿಸಿ ತೊಳೆದು ಮನೆಗೆ ಒಯ್ದಿದ್ದೆ, ಹಿಂದಿರುಗಿಸುವುದು ಮರೆತೇಹೋಗಿತ್ತು. ಮನೆಗೆ ಹೋಗುವಂತಿಲ್ಲ ಎಂದಿದ್ದರು. ಬಸ್ಸು ಹತ್ತಬೇಡ ಎಂದು ಯಾರೂ ಅಂದಿರಲಿಲ್ಲ. ಗುರೆಳ್ಳು ಚಟ್ನಿ ಕುಟ್ಟಿ ಬಟ್ಟಲು ತುಂಬಿದೆ. ಏನು ತುಂಬಿದರೂ ಮೊಸರು ಮಾತ್ರ ತುಂಬಬಾರದು ಎನ್ನುವಷ್ಟು ಬುದ್ಧಿ ಬಂದಿತ್ತು.

ಬೆಳಗಿನ ಸವದತ್ತಿ ಬಸ್ಸಿನ ಮೆಟ್ಟಿಲ ಮೇಲೆ ಅಡಿವೆಪ್ಪ ನಿಂತಿದ್ದ. ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಬಿಗಿಯಾಗಿದ್ದವು. ನನ್ನನ್ನು ಕಂಡು ಬಾಯಿ ತುಂಬ ನಕ್ಕ, ಬಟ್ಟಲು ತೆಗೆದುಕೊಂಡು ತನ್ನ ಚೀಲದಲ್ಲಿ ಜೋಪಾನವಾಗಿಟ್ಟ. ಹೇಗಿದ್ದೀ ಎಂದು ನಾನು ಕೇಳಲಿಲ್ಲ. ಕೇಳಬಾರದು ಎಂದು ಸಹಿ ಮಾಡಿಕೊಟ್ಟಿದ್ದೆ. ಜನ ತುಂಬಿದ್ದರಿಂದ ಅವನೂ ಟಿಕೆಟ್ ಕೊಡುತ್ತ ಹಿಂದಕ್ಕೆ ಹೋದ.

ಅಮ್ಮಿನಭಾವಿ ಬಂತು. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿ ಕಷ್ಟಪಟ್ಟು ಎದ್ದು ಅವನನ್ನು ಕರೆದಳು.

“ಯಪ್ಪಾ ಕಂಡಕ್ಟರಾ, ಐದ ಮಿನಿಟ ನಿಲ್ಲಸೋ. ಇಲ್ಲೆ ಎಲ್ಲರ ಪಾಯಖಾನಿ ಐತೇನು?”

ಅಡಿವೆಪ್ಪ ಕಿಟಕಿಯಿಂದ ಬಗ್ಗಿ ಆಚೀಚೆ ನೋಡಿದ. ತಲೆ ಕೆರೆದುಕೊಂಡ. “ಇರಬೇಕಬೇ ಯವ್ವಾ. ಎಲ್ಲೆ ಐತೋ ಏನೋ. ನಾ ಲಕ್ಷ್ಯನಽ ಕೊಟ್ಟಿಲ್ಲ ನೋಡು. ತಡಿ, ಆ ಚಾದ ಅಂಗಡಿಯಾವನ್ನ ಕೇಳ್ತೀನಿ.”

ನಾನು ಮುದುಕಿಯ ಕೈ ಹಿಡಿದು ಮೆಟ್ಟಿಲ ತನಕ ಬಂದೆ.

“ಪಂಚಾಯ್ತಿ ಹಿಂದ ಎರಡ ಅದಾವ್ರಿ ಅಮ್ಮಾ,” ಅಂದೆ. “ಎಡಗಡೀದಕ್ಕ ಹೋಗಬ್ಯಾಡ್ರಿ, ಅದಕ್ಕ ಚಿಲಕ ಇಲ್ಲ.”

ಅಡಿವೆಪ್ಪ ತಿರುಗಿ ನನ್ನನ್ನು ನೋಡಿದ. “ಅಲ್ರಿ ಬಾಯಾರ, ನಿಮಗ ಹೆಂಗ ಗೊತ್ತು?”

“ಯಾರೋ ಹೇಳಿದ್ರಪಾ,” ಅಂದೆ. “ಬಾಳ ದಿನಾ ಆತು.”